ಮಳೆಗಾಲಕ್ಕೆ ಮುನ್ನ ಮನೆಯೊಳಗೂ ಒಂದು ಸುತ್ತು
(ಹಿರಿಯರು ಬೀಳದಂತೆ ನೋಡಿಕೊಳ್ಳುವ ಬಗೆ)

ಮೇ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಸದಸ್ಯ ಬಾಂಧವರೆಲ್ಲ ಮೈಲುತುತ್ತು, ಸುಣ್ಣಗಳ ಯೋಚನೆಯಲ್ಲಿರುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಅಡಿಕೆ ತೋಟದ ಮನೆಯ ಮಕ್ಕಳಿಗೂ ಬಾಯಿಪಾಠ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ತೋರಿಸಿಕೊಟ್ಟು ನೂರು ವರ್ಷಗಳ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಬದಲಾಗದ ಪಾಠ ಒಂದೇ: ಔಷಧಿಯನ್ನು ರೋಗ ಬರುವ ಮುನ್ನ ಹೊಡೆಯಬೇಕು. ಕಾಯಿ ಉದುರಲು ತೊಡಗಿದ ಮೇಲೆ ಹೊಡೆದರೆ ಉಳಿಯುವುದು ಅಲ್ಪಸ್ವಲ್ಪ.

ಈ ಬಾರಿ ಅದೇ ಪಾಠವನ್ನು ಮನೆಯೊಳಗಿನ ಒಂದು ವಿಷಯಕ್ಕೆ ಅನ್ವಯಿಸಿ ಹೇಳಬೇಕೆಂದಿದ್ದೇವೆ. ವಿಷಯ, ಮನೆಯ ಹಿರಿಯರು ಬೀಳುವುದು. ವಾರ್ಷಿಕ ಮಹಾಸಭೆಗೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿರಿಯರು ಒಂದು ವರ್ಷ ಕಾಣದಿದ್ದಾಗ ಮನೆಯವರನ್ನು ವಿಚಾರಿಸುತ್ತೇವೆ. “ಬಚ್ಚಲಲ್ಲಿ ಜಾರಿಬಿದ್ದರು, ಆಮೇಲೆ ಓಡಾಟವಿಲ್ಲ” ಎಂಬ ಉತ್ತರವನ್ನು ನಾವು ಕೇಳಿದ್ದು ಒಂದೆರಡು ಸಲವಲ್ಲ. ನಮ್ಮ ಕೊನೆಗಾರರು ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅಡಿ ಮೇಲೇರಿ ಕ್ಷೇಮವಾಗಿ ಇಳಿದು ಬರುತ್ತಾರೆ. ಆ ಕೊನೆಯನ್ನು ಎಣಿಸುತ್ತ ಕೆಳಗೆ ನಿಂತಿದ್ದ ಯಜಮಾನರು ತಮ್ಮ ಬಚ್ಚಲಿನ ನಾಲ್ಕಡಿ ನೆಲದಲ್ಲಿ ಬೀಳುತ್ತಾರೆ. ಕೊನೆಗಾರನು ಪ್ರತಿ ಹೆಜ್ಜೆಯನ್ನೂ ಅಪಾಯವೆಂದು ತಿಳಿದು ಇಡುತ್ತಾನೆ. ಬಚ್ಚಲನ್ನು ಯಾರೂ ಅಪಾಯವೆಂದು ತಿಳಿಯುವುದಿಲ್ಲ.

ಬೀಳುವುದು ವಯಸ್ಸಿನ ಧರ್ಮವೇ?

“ವಯಸ್ಸಾಯಿತು, ಬೀಳುವುದು ಸಹಜ” ಎಂಬ ಮಾತು ರೂಢಿಯಲ್ಲಿದೆ. ಇದು ಅರ್ಧಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2007ರ ವರದಿಯಲ್ಲಿ ತಿಳಿಸಿದಂತೆ 65 ವರ್ಷ ದಾಟಿದವರಲ್ಲಿ ವರ್ಷಕ್ಕೆ ನೂರಕ್ಕೆ 28ರಿಂದ 35 ಮಂದಿ ಒಮ್ಮೆಯಾದರೂ ಬೀಳುತ್ತಾರೆ. ಅದೇ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಆದರೆ ನೂರರಲ್ಲಿ ಅರುವತ್ತೈದಕ್ಕೂ ಹೆಚ್ಚು ಮಂದಿ ಆ ವರ್ಷ ಬೀಳುವುದಿಲ್ಲ ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ವಯಸ್ಸೊಂದೇ ಕಾರಣವಾಗಿದ್ದರೆ ಎಲ್ಲರೂ ಬೀಳಬೇಕಿತ್ತು.

ಬೀಳುವುದಕ್ಕೆ ಸಾಮಾನ್ಯವಾಗಿ ಎರಡು ಮೂರು ಕಾರಣಗಳು ಒಟ್ಟುಗೂಡಬೇಕು. ಕಾಲಿನ ಶಕ್ತಿ ಕುಂದಿದೆ, ಕಣ್ಣಿಗೆ ಪೊರೆ ಬಂದಿದೆ, ರಾತ್ರಿ ನಿದ್ರೆಯ ಮಾತ್ರೆ ನುಂಗಿದ್ದಾರೆ, ಕರೆಂಟು ಹೋಗಿದೆ, ಹೊಸ್ತಿಲ ಬಳಿ ಒದ್ದೆಯಾಗಿದೆ. ಈ ಐದರಲ್ಲಿ ಎರಡನ್ನು ತೆಗೆದುಹಾಕಿದರೂ ಆ ರಾತ್ರಿಯ ಬೀಳುವಿಕೆ ತಪ್ಪುತ್ತದೆ. ಎಲ್ಲವನ್ನೂ ಸರಿಪಡಿಸಲು ಸಾಧ್ಯವಾಗದಿದ್ದರೂ ಕೈಲಾದಷ್ಟನ್ನು ಸರಿಪಡಿಸಿದರೆ ಫಲವುಂಟು ಎಂಬುದು ಇದರ ಅರ್ಥ.

ಕೂರಿಸುವುದು ಮದ್ದಲ್ಲ

ಒಮ್ಮೆ ಬಿದ್ದ ಹಿರಿಯರಿಗೆ ಮನೆಯವರು ಮೊದಲು ಹೇಳುವ ಮಾತು ಇದು: “ಅಪ್ಪಯ್ಯ, ನೀವು ಇನ್ನು ಎಲ್ಲಿಗೂ ಹೋಗಬೇಡಿ. ಬೇಕಾದ್ದನ್ನು ಕುಳಿತಲ್ಲಿಗೇ ತಂದುಕೊಡುತ್ತೇವೆ.” ಪ್ರೀತಿಯಿಂದಲೇ ಬಂದ ಮಾತು. ಆದರೆ ಇದರಿಂದ ಆಗುವ ಹಾನಿ ಬಿದ್ದದ್ದರಿಂದ ಆಗುವ ಹಾನಿಗಿಂತ ಕಡಿಮೆಯದಲ್ಲ.

ನಮಗೆ ತಿಳಿದ ಒಂದು ಮನೆಯಲ್ಲಿ ಎಪ್ಪತ್ತೆರಡು ವರ್ಷದ ಹಿರಿಯರು ಕೊಟ್ಟಿಗೆಯ ಹೊಸ್ತಿಲು ಎಡವಿ ಬಿದ್ದರು. ಎಲುಬು ಮುರಿಯಲಿಲ್ಲ, ಮೊಣಕೈ ತರಚಿತು, ಅಷ್ಟೆ. ಮಗ ಸೊಸೆ ಇಬ್ಬರೂ ಹೆದರಿ ಅವರನ್ನು ಜಗಲಿಯ ಆರಾಮ ಕುರ್ಚಿಯಲ್ಲಿ ಕೂರಿಸಿದರು. ಊಟ, ಕಾಫಿ, ಪೇಪರು ಎಲ್ಲ ಕುರ್ಚಿಗೇ ಬಂದವು. ಬೆಳಿಗ್ಗೆ ತೋಟಕ್ಕೊಂದು ಸುತ್ತು ಹೋಗುತ್ತಿದ್ದುದು ನಿಂತಿತು. ಆರು ತಿಂಗಳಲ್ಲಿ ಆ ಕುರ್ಚಿಯಿಂದ ಏಳಲು ಒಬ್ಬರು ಕೈ ಹಿಡಿಯಬೇಕಾಯಿತು. ವರ್ಷ ತುಂಬುವಷ್ಟರಲ್ಲಿ ಅವರು ಮತ್ತೆ ಬಿದ್ದರು. ಈ ಸಲ ಎಡವಲು ಹೊಸ್ತಿಲೂ ಇರಲಿಲ್ಲ, ಮಂಚದಿಂದ ಎದ್ದು ನಿಂತಲ್ಲೇ ಕುಸಿದರು, ತೊಡೆಯ ಎಲುಬು ಮುರಿಯಿತು.

ಇದರ ಒಳಗುಟ್ಟು ಸರಳ. ಬಿದ್ದವರಿಗೆ ಮತ್ತೆ ಬೀಳುವ ಭಯ. ಭಯದಿಂದ ನಡೆಯುವುದು ಕಡಿಮೆ. ನಡೆಯದಿದ್ದರೆ ತೊಡೆಯ ಸ್ನಾಯು ಕರಗುತ್ತದೆ, ಮೈಯ ತೂಕ ಹಿಡಿದು ನಿಲ್ಲುವ ಹದ ತಪ್ಪುತ್ತದೆ. ಸ್ನಾಯು ಕರಗಿದವರು ಬೇಗ ಬೀಳುತ್ತಾರೆ. ಆದುದರಿಂದ ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಹಿರಿಯರನ್ನು ಕೂರಿಸಬೇಡಿ, ಅವರು ಓಡಾಡುವ ಮನೆಯನ್ನು ಸರಿಪಡಿಸಿ.

ಮನೆಯ ಸುತ್ತು

ತೋಟದಲ್ಲಿ ಬಸಿಗಾಲುವೆ ನೋಡುತ್ತ ಹೋಗುವಂತೆ ಮನೆಯಲ್ಲೂ ಒಂದು ಸುತ್ತು ಹೋಗೋಣ.

1. ಅಂಗಳ. ನಮ್ಮ ಕಡೆಯ ಮಳೆಗೆ ಅಂಗಳದ ಸಿಮೆಂಟು, ಚಪ್ಪಡಿ ಕಲ್ಲು, ಮೆಟ್ಟಿಲು ಎಲ್ಲವೂ ತಿಂಗಳೊಳಗೆ ಪಾಚಿ ಕಟ್ಟುತ್ತವೆ. ಅಂಗಳಕ್ಕೆ ಸೋಗೆ ಹಾಸುವ ಹಳೆಯ ಪದ್ಧತಿ ಮಣ್ಣಿನ ಅಂಗಳಕ್ಕೆ ಒಳ್ಳೆಯದು. ಅದು ಕೊಳೆತು ಲೋಳೆಯಾಗುವ ಮುನ್ನ ತೆಗೆದು ಹೊಸದು ಹಾಕಬೇಕು. ಸಿಮೆಂಟು ಮತ್ತು ಕಲ್ಲಿನ ಮೇಲೆ ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಗಡುಸು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಬ್ಲೀಚಿಂಗ್ ಪೌಡರಿನ ಜೊತೆ ಆ್ಯಸಿಡ್ ಬೆರೆಸಬಾರದು. ಹೊರಡುವ ಅನಿಲ ವಿಷ. ಮಳೆಗಾಲದಲ್ಲಿ ಇದನ್ನು ಒಮ್ಮೆ ಮಾಡಿ ಬಿಟ್ಟರೆ ಸಾಲದು, ಹದಿನೈದು ದಿನಕ್ಕೊಮ್ಮೆ ನೋಡಬೇಕು. ಇಡೀ ಅಂಗಳ ಉಜ್ಜಲು ಆಳು ಸಿಗದಿದ್ದರೆ ಹಿರಿಯರು ನಡೆಯುವ ಮೂರಡಿ ಅಗಲದ ದಾರಿಯನ್ನಾದರೂ ಶುದ್ಧವಾಗಿಡಬೇಕು.

2. ಮೆಟ್ಟಿಲು. ಜಗಲಿಯ ಮೆಟ್ಟಿಲುಗಳ ಅಂಚಿಗೆ ಎರಡಿಂಚು ಅಗಲ ಬಿಳಿ ಬಣ್ಣ ಬಳಿದರೆ ಮಬ್ಬು ಬೆಳಕಿನಲ್ಲೂ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಣುತ್ತದೆ. ಪಕ್ಕಕ್ಕೊಂದು ಕೈಹಿಡಿ ಬೇಕೇ ಬೇಕು. ಪೈಪು ಹಾಕಿಸಲು ತಡವಾಗುವುದಾದರೆ ಸದ್ಯಕ್ಕೆ ಅಡಿಕೆ ದಬ್ಬೆಯದಾದರೂ ಆಗಲಿ. ವರ್ಷಕ್ಕೊಮ್ಮೆ ಅಲ್ಲಾಡಿಸಿ ನೋಡಿ, ಒರಲೆ ಹಿಡಿದಿದ್ದರೆ ಬದಲಿಸಬೇಕು. ಅಟ್ಟದ ಕಡಿದಾದ ಮರದ ಮೆಟ್ಟಿಲನ್ನು ಅರುವತ್ತೈದು ದಾಟಿದವರು ಹತ್ತುವ ಅಗತ್ಯ ಬಾರದಂತೆ ಅವರಿಗೆ ಬೇಕಾದ ಸಾಮಾನನ್ನು ಕೆಳಗೇ ಇಡಬೇಕು. ಉಪ್ಪಿನಕಾಯಿ ಭರಣಿ ತೆಗೆಯಲು ಅಜ್ಜಿ ಸ್ಟೂಲು ಹತ್ತುವ ಮನೆಗಳಲ್ಲಿ ಭರಣಿಯನ್ನು ಸೊಂಟದೆತ್ತರದ ಹಲಗೆಗೆ ಇಳಿಸುವುದು ಒಂದು ನಿಮಿಷದ ಕೆಲಸ.

3. ಜಗಲಿ ಮತ್ತು ನಡುಮನೆ. ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯ ತುಂಬ ಸಿಪ್ಪೆ, ತಟ್ಟಿ, ಮೆಟ್ಟುಗತ್ತಿ. ಒಂದು ಒಣ ಅಡಿಕೆ ಕಾಲಡಿಗೆ ಸಿಕ್ಕರೆ ಗಾಲಿಯಂತೆ ಉರುಳುತ್ತದೆ. ಕಾಫಿ ಬೀಜವೂ ಹಾಗೆಯೇ. ದಿನದ ಕೆಲಸ ಮುಗಿದ ಮೇಲೆ ಓಡಾಡುವ ದಾರಿಯನ್ನು ಗುಡಿಸಿಯೇ ದೀಪ ಆರಿಸುವ ಪದ್ಧತಿ ಇಟ್ಟುಕೊಳ್ಳಬೇಕು. ಬಾಗಿಲಲ್ಲಿ ಮಡಚಿ ಬಿದ್ದ ಗೋಣಿತಾಟು, ಜಾರುವ ಕಾಲೊರಸು, ನಡುವೆ ಎಳೆದ ವಯರು, ಹೊಸ್ತಿಲಲ್ಲೇ ಮಲಗುವ ನಾಯಿ, ಇವೆಲ್ಲ ಎಡವುವ ಸಾಧನಗಳೇ. ಕೆಂಪು ಗಾರೆಯ ನುಣುಪು ನೆಲ ಮತ್ತು ಹೊಸ ಟೈಲ್ಸ್ ಎರಡೂ ಒದ್ದೆಯಾದರೆ ಗಾಜಿನಂತೆ. ನೆಲ ಒರೆಸಿದ ಮೇಲೆ ಆರುವವರೆಗೆ ಹಿರಿಯರು ಆ ಕಡೆ ಬಾರದಂತೆ ಹೇಳಬೇಕು. ದೇವರ ಮನೆಯ ಮುಂದೆ ಚೆಲ್ಲಿದ ನೀರು, ಎಣ್ಣೆಯ ಹನಿಗಳನ್ನು ಆಗಿಂದಾಗಲೇ ಒರೆಸಬೇಕು.

4. ಬಚ್ಚಲು ಮತ್ತು ಪಾಯಿಖಾನೆ. ಮನೆಯಲ್ಲಿ ಒಂದೇ ಒಂದು ಕಡೆ ಹಣ ಖರ್ಚು ಮಾಡುವುದಾದರೆ ಇಲ್ಲಿ ಮಾಡಬೇಕು. ಒಂದಿಂಚಿನ ಜಿ.ಐ. ಪೈಪನ್ನು, ಗೋಡೆಗೂ ಪೈಪಿಗೂ ಒಂದೂವರೆ ಇಂಚು ಸಂದು ಬಿಟ್ಟು, ಗೋಡೆಯೊಳಕ್ಕೆ ಬೋಲ್ಟು ಇಳಿಸಿ ಭದ್ರವಾಗಿ ಕೂರಿಸಬೇಕು: ಸ್ನಾನದ ಜಾಗದಲ್ಲೊಂದು, ಪಾಯಿಖಾನೆಯ ಪಕ್ಕದಲ್ಲೊಂದು, ಒಳಗೆ ಕಾಲಿಡುವಲ್ಲೊಂದು. ಪಲ್ಪರ್ ರಿಪೇರಿಗೆ ಬರುವ ವೆಲ್ಡರಿಗೆ ಇದು ಅರ್ಧ ದಿನದ ಕೆಲಸ. ಟವೆಲಿನ ಸರಳು, ನಲ್ಲಿ, ಹಂಡೆಯ ಕಂಠ ಇವು ಕೈಹಿಡಿಗಳಲ್ಲ. ಜಾರಿದಾಗ ಜನ ಇವನ್ನೇ ಹಿಡಿಯುತ್ತಾರೆ, ಇವು ಕಿತ್ತು ಬರುತ್ತವೆ. ನಿಂತು ಸ್ನಾನ ಮಾಡುವ ಬದಲು, ಅಲುಗಾಡದ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕುಳಿತು ಮಾಡುವುದು ಲೇಸು. ತಗ್ಗಿನ ಮಣೆಯಿಂದ ಏಳುವುದು ಕಷ್ಟ. ಎಣ್ಣೆ ಸ್ನಾನದ ದಿನ ಎಣ್ಣೆ ಹಚ್ಚಿಕೊಳ್ಳುವುದು ಬಚ್ಚಲಿನ ಹೊರಗಾಗಲಿ, ಪಾದಕ್ಕೆ ಎಣ್ಣೆ ಬೇಡ, ಸ್ನಾನದ ನಂತರ ನೆಲವನ್ನು ಸೀಗೆಪುಡಿ ಹಾಕಿ ಉಜ್ಜಲಿ. ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿಕೊಂಡು ಬಿದ್ದವರನ್ನು ಹೊರತರಲು ಬಾಗಿಲು ಒಡೆಯಬೇಕಾಗುತ್ತದೆ. ಚಿಲಕ ಹಾಕದೆ, ಒಳಗಿದ್ದೇವೆಂಬ ಗುರುತಿಗೆ ಟವೆಲನ್ನು ಬಾಗಿಲ ಮೇಲೆ ಹಾಕುವ ರೂಢಿ ಒಳ್ಳೆಯದು.

5. ರಾತ್ರಿಯ ದಾರಿ. ವಯಸ್ಸಾದವರು ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಬಚ್ಚಲು ಮನೆಯ ಹಿಂದೆ ಬೇರೆಯಾಗಿರುವ ಹಳೆಯ ಮನೆಗಳಲ್ಲಿ ಇದು ದೊಡ್ಡ ಪ್ರಯಾಣವೇ ಸರಿ. ಮಂಚದಿಂದ ಕೈ ಚಾಚಿದರೆ ಸಿಗುವಲ್ಲಿ ಟಾರ್ಚು ಇರಬೇಕು. ಕರೆಂಟು ಹೋದೊಡನೆ ತಾನಾಗಿ ಹೊತ್ತಿಕೊಳ್ಳುವ ಬ್ಯಾಟರಿ ಬಲ್ಬುಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಮಂಚದ ಬಳಿ ಒಂದು, ದಾರಿಯಲ್ಲಿ ಒಂದು ಇದ್ದರೆ ಸಾಕು. ಮಳೆಗಾಲದ ಮಟ್ಟಿಗೆ ಮಂಚದ ಪಕ್ಕದಲ್ಲೇ ಮೂತ್ರದ ಪಾತ್ರೆ ಇಟ್ಟುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

6. ಉಡುಪು, ಪಾದರಕ್ಷೆ. ಅಡಿ ಸವೆದು ನುಣುಪಾದ ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುಬಂಡಿ. ಹಿಮ್ಮಡಿಗೆ ಪಟ್ಟಿಯಿರುವ, ಅಡಿಯಲ್ಲಿ ಗೀರುಗಳಿರುವ ಚಪ್ಪಲಿ ಬೇಕು. ಕಾಲಿಗೆ ತೊಡರುವಷ್ಟು ಇಳಿಬಿದ್ದ ಪಂಚೆ, ಸೀರೆಯ ನೆರಿಗೆ ಎರಡನ್ನೂ ಕಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವುದು ಕ್ಷೇಮ.

ದೇಹದ ಸುತ್ತು

ಮನೆಯಷ್ಟೇ ಮುಖ್ಯ ದೇಹ. ಮೊದಲು ಒಂದು ಪರೀಕ್ಷೆ. ಹಿರಿಯರನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಮೂರು ಮೀಟರು ದೂರದಲ್ಲಿ ನೆಲಕ್ಕೊಂದು ಗೆರೆ ಹಾಕಿ. “ಎದ್ದು, ಎಂದಿನಂತೆ ಗೆರೆಯವರೆಗೆ ನಡೆದು, ತಿರುಗಿ ಬಂದು ಕೂತುಕೊಳ್ಳಿ” ಎಂದು ಹೇಳಿ ಗಡಿಯಾರ ನೋಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಆಸ್ಪತ್ರೆಗಳಲ್ಲಿ ವೈದ್ಯರು ಮಾಡುವ ಪರೀಕ್ಷೆಯೂ ಇದೇ.

ಕಾಲಿನ ಶಕ್ತಿಯನ್ನು ಎಪ್ಪತ್ತು, ಎಂಬತ್ತರಲ್ಲೂ ಹೆಚ್ಚಿಸಿಕೊಳ್ಳಬಹುದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮುದುಕರು ಮನೆಯಲ್ಲೇ ಮಾಡಬಹುದಾದ ವ್ಯಾಯಾಮದ ಕ್ರಮವೊಂದನ್ನು ರೂಪಿಸಿದರು: ವಾರಕ್ಕೆ ಮೂರು ದಿನ ಅರ್ಧ ಗಂಟೆ ವ್ಯಾಯಾಮ, ಜೊತೆಗೆ ವಾರಕ್ಕೆರಡು ದಿನ ನಡಿಗೆ. ಅವರ ಪ್ರಯೋಗಗಳಲ್ಲಿ ಬೀಳುವುದು ನೂರಕ್ಕೆ 35ರಷ್ಟು ಕಡಿಮೆಯಾಯಿತು. 2019ರಲ್ಲಿ ಕಾಕ್ರೇನ್ ಸಂಸ್ಥೆಯು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ವ್ಯಾಯಾಮದಿಂದ ನೂರಕ್ಕೆ ಸುಮಾರು 23ರಷ್ಟು ಇಳಿಕೆ ಕಂಡುಬಂದಿತು.

ನಮ್ಮ ಮನೆಗಳಲ್ಲಿ ಸುಲಭವಾಗಿ ಮಾಡಬಹುದಾದವು ಇವು:

(ಅ) ಕೈ ಊರದೆ, ಅಥವಾ ಆದಷ್ಟು ಕಡಿಮೆ ಊರಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು.
(ಆ) ಅಡುಗೆ ಕಟ್ಟೆಯನ್ನು ಹಿಡಿದು ನಿಂತು ಹಿಮ್ಮಡಿಗಳನ್ನು ಹತ್ತು ಸಲ ಎತ್ತಿ ಇಳಿಸುವುದು.
(ಇ) ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಬಳಿಕ ಇನ್ನೊಂದು ಕಾಲು.
(ಈ) ಗೋಡೆಯ ಪಕ್ಕದಲ್ಲಿ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯುವುದು.

ಮೊದಲ ಕೆಲವು ವಾರ ಯಾರಾದರೂ ಜೊತೆಗಿರಲಿ. ಇದರ ಮೇಲೆ ದಿನದ ಕೆಲಸಗಳನ್ನು ಅವರಿಂದ ಕಿತ್ತುಕೊಳ್ಳದಿರುವುದೂ ವ್ಯಾಯಾಮವೇ. ಹೂ ಕೊಯ್ಯುವುದು, ಕಣದಲ್ಲಿ ಕಾಫಿ ಕೈಯಾಡಿಸುವುದು, ಹಾಲಿನ ಡೈರಿಗೆ ನಡೆದುಹೋಗುವುದು, ಇವನ್ನು ಕೋಲು ಹಿಡಿದಾದರೂ ಮಾಡಲಿ. ಕೋಲು ನೆಲಕ್ಕೂರಿದಾಗ ಮೊಣಕೈ ಸ್ವಲ್ಪವೇ ಮಡಿಯುವಷ್ಟು ಎತ್ತರವಿರಬೇಕು, ತುದಿಗೆ ರಬ್ಬರಿನ ಬಿರಡೆ ಇರಬೇಕು, ಸವೆದಾಗ ಬದಲಿಸಬೇಕು.

ಮಂಚದಿಂದ ಏಳುವ ಕ್ರಮವನ್ನೂ ಕಲಿಯಬೇಕು. ಮಲಗಿದ್ದವರು ಥಟ್ಟನೆ ನಿಂತರೆ ಕೆಲವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗೂಡುತ್ತದೆ. ಮೊದಲು ಎದ್ದು ಕುಳಿತು, ಕಾಲನ್ನು ಕೆಳಗಿಳಿಬಿಟ್ಟು ಆಡಿಸಿ, ಒಂದು ನಿಮಿಷ ಕಳೆದು, ಬಳಿಕ ಮಂಚವನ್ನು ಹಿಡಿದು ನಿಲ್ಲಬೇಕು. ಹೀಗೆ ಪದೇ ಪದೇ ತಲೆ ತಿರುಗುವವರು ಮಲಗಿದಾಗ ಮತ್ತು ನಿಂತಾಗ ಎರಡೂ ಸಲ ಬಿ.ಪಿ. ಅಳೆಯುವಂತೆ ವೈದ್ಯರನ್ನು ಕೇಳಬೇಕು.

ಮಾತ್ರೆಗಳ ವಿಷಯ. ನಿದ್ರೆಯ ಮಾತ್ರೆ, ಮನಸ್ಸಿನ ಶಾಂತಿಗೆ ಕೊಡುವ ಮಾತ್ರೆ, ಬಿ.ಪಿ. ಮಾತ್ರೆ, ಮೂತ್ರ ಸಡಿಲಿಸಲು ಕೊಡುವ ಮಾತ್ರೆ, ಮಂಪರು ತರುವ ಶೀತದ ಮಾತ್ರೆ, ಇವೆಲ್ಲ ಬೀಳುವ ಸಂಭವವನ್ನು ಹೆಚ್ಚಿಸಬಲ್ಲವು. ಊರಿನ ಡಾಕ್ಟರು, ಪೇಟೆಯ ಡಾಕ್ಟರು, ಬೆಂಗಳೂರಿನ ಮಗ ತೋರಿಸಿದ ಡಾಕ್ಟರು, ಹೀಗೆ ಮೂವರು ಬರೆದ ಮಾತ್ರೆಗಳು ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ. ಆ ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿ ಒಬ್ಬ ವೈದ್ಯರ ಮುಂದೆ ಸುರಿದು, “ಇವುಗಳಲ್ಲಿ ಯಾವುದು ಬೇಡ?” ಎಂದು ಕೇಳಬೇಕು. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಸಂಜೆಯ ಗುಟುಕಿನ ಅಭ್ಯಾಸವಿರುವವರು ಅದನ್ನೂ ವೈದ್ಯರಿಂದ ಮುಚ್ಚಿಡಬಾರದು. ನಿದ್ರೆಯ ಮಾತ್ರೆಯೊಂದಿಗೆ ಅದು ಕೂಡಿದರೆ ಅನಾಹುತವೇ.

ಕಣ್ಣಿನ ಪೊರೆ ಕಾಣಿಸಿಕೊಂಡವರು “ಇನ್ನೂ ಬಲಿಯಲಿ” ಎಂದು ವರ್ಷಗಟ್ಟಲೆ ಕಾಯುವುದು ಹಳೆಯ ಕಾಲದ ಮಾತು. ಓಡಾಟಕ್ಕೆ ತೊಂದರೆಯಾದರೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬಹುದು. ಕೆಳಭಾಗದಲ್ಲಿ ಓದುವ ಗಾಜಿರುವ ಕನ್ನಡಕ ಹಾಕಿ ಮೆಟ್ಟಿಲಿಳಿಯುವಾಗ ಮೆಟ್ಟಿಲು ಮಸುಕಾಗಿ ಕಾಣುವುದರಿಂದ ತಲೆ ಪೂರ್ತಿ ಬಗ್ಗಿಸಿ ನೋಡಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೆಲದ ಸ್ಪರ್ಶ ಸರಿಯಾಗಿ ತಿಳಿಯದು. ಅವರು ಬರಿಗಾಲಿನಲ್ಲಿ ಅಂಗಳಕ್ಕಿಳಿಯಬಾರದು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಟೊಳ್ಳಾಗುವುದು ಹೆಚ್ಚು. ರಾಗಿ, ಹಾಲು, ಮೊಸರು ಊಟದಲ್ಲಿರಲಿ. ಡಿ ಜೀವಸತ್ವದ ಮಾತ್ರೆ ನುಂಗಿದರೆ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಕೊರತೆಯಿದ್ದವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು.

ಬಿದ್ದರೆ ಏನು ಮಾಡುವುದು?

ಬಿದ್ದವರನ್ನು ಕಂಡೊಡನೆ ಕಂಕುಳಿಗೆ ಕೈಹಾಕಿ ಎತ್ತಲು ಧಾವಿಸುವುದು ಸಹಜ, ಆದರೆ ತಪ್ಪು. ಮೊದಲು ಮಾತನಾಡಿಸಿ, ನೋವು ಎಲ್ಲಿದೆಯೆಂದು ಕೇಳಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ, ಅಥವಾ ಆ ಕಾಲಿನ ಮೇಲೆ ಭಾರ ಹಾಕಲು ಆಗದಿದ್ದರೆ ಸೊಂಟದ ಕೀಲಿನ ಬಳಿ ಎಲುಬು ಮುರಿದಿರುವ ಸಂಭವವಿದೆ. ಎಣ್ಣೆ ತಿಕ್ಕುವುದು, ಪಟ್ಟು ಹಾಕಿಸುವುದು ಬೇಡ. ಕಂಬಳಿ ಹೊದಿಸಿ, ಅಲುಗಾಡಿಸದೆ, 108ಕ್ಕೆ ಫೋನು ಮಾಡಬೇಕು. ಇಂಥ ಮುರಿತಕ್ಕೆ ಎರಡು ದಿನದೊಳಗೆ ಶಸ್ತ್ರಕ್ರಿಯೆಯಾದರೆ ಮತ್ತೆ ನಡೆಯುವ ಅವಕಾಶ ಹೆಚ್ಚು. ತಿಂಗಳುಗಟ್ಟಲೆ ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟುವುದು, ಬೆನ್ನಿಗೆ ಹುಣ್ಣಾಗುವುದು ಮುಂತಾದ ತೊಂದರೆಗಳು ಪ್ರಾಣಕ್ಕೇ ಬರುತ್ತವೆ. ತಲೆಗೆ ಪೆಟ್ಟಾದವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಮೇಲ್ನೋಟಕ್ಕೆ ಏನೂ ಆಗದಿದ್ದರೂ ಅಂದೇ ಆಸ್ಪತ್ರೆಗೆ ತೋರಿಸಬೇಕು.

ನೋವಿಲ್ಲದೆ ಬಿದ್ದವರು ತಾವೇ ಏಳುವ ಬಗೆ ಹೀಗಿದೆ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿಯವರೆಗೆ ಸಾಗಿ, ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಬಲವಾದ ಕಾಲಿನ ಪಾದವನ್ನು ಮೊದಲು ನೆಲಕ್ಕೂರಿ ಎದ್ದು ಕೂರಬೇಕು. ಇದನ್ನು ಬೀಳುವ ಮುನ್ನವೇ ಒಂದೆರಡು ಸಲ ಚಾಪೆಯ ಮೇಲೆ ಅಭ್ಯಾಸ ಮಾಡಿದ್ದರೆ ಆ ಹೊತ್ತಿನಲ್ಲಿ ಗಾಬರಿಯಾಗದು.

ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಮನೆಯಲ್ಲಿ ಇಬ್ಬರೇ, ಇಲ್ಲವೆ ಒಬ್ಬರೇ. ಹತ್ತಿರದ ಮನೆ ತೋಟದಾಚೆ. ಬಿದ್ದು ಎದ್ದೇಳಲಾಗದೆ ಗಂಟೆಗಟ್ಟಲೆ ತಣ್ಣನೆಯ ನೆಲದಲ್ಲಿ ಬಿದ್ದಿರುವುದು ಪೆಟ್ಟಿಗಿಂತ ಅಪಾಯ. ಆದ್ದರಿಂದ ಫೋನನ್ನು ಮೇಜಿನ ಮೇಲಿಡದೆ ಕೊರಳಿಗೆ ಚೀಲದಲ್ಲಿ ಹಾಕಿಕೊಳ್ಳಬೇಕು. ಸಿಗ್ನಲ್ ಸಿಗದ ಕಡೆ ಒಂದು ಸೀಟಿಯಾದರೂ ಇರಲಿ. ಅದಕ್ಕಿಂತ ಮೇಲಾದ ಏರ್ಪಾಡು ನೆರೆಹೊರೆಯದು: ಬೆಳಿಗ್ಗೆ ಎಂಟರೊಳಗೆ ಒಬ್ಬರಿಗೊಬ್ಬರು ಫೋನು ಮಾಡುವುದು, ಉತ್ತರ ಬಾರದಿದ್ದರೆ ಹೋಗಿ ನೋಡುವುದು. ಸಹಕಾರವೆಂದರೆ ಸಾಲ, ಗೊಬ್ಬರ, ಮಾರಾಟಗಳಷ್ಟೇ ಅಲ್ಲವಷ್ಟೆ. ಒಂಟಿಯಾಗಿರುವ ಹಿರಿಯ ಸದಸ್ಯರು ಯಾರಾರಿದ್ದಾರೆ, ಅವರನ್ನು ನೋಡಿಕೊಳ್ಳುವ ಪಕ್ಕದ ಮನೆ ಯಾವುದು ಎಂಬುದನ್ನು ಪ್ರತಿ ಊರಿನ ಸದಸ್ಯರೂ ತಮ್ಮೊಳಗೇ ಮಾತನಾಡಿ ಗೊತ್ತುಮಾಡಿಕೊಳ್ಳಬೇಕೆಂದು ಕೋರುತ್ತೇವೆ.

ಮೇಲೆ ಹೇಳಿದ್ದನ್ನೆಲ್ಲ ಒಂದೇ ದಿನ ಮಾಡಲಾಗದು. ಈ ವಾರ ಬಚ್ಚಲಿಗೆ ಪೈಪು, ಮುಂದಿನ ವಾರ ಮೆಟ್ಟಿಲಿಗೆ ಬಣ್ಣ, ಆಮೇಲೆ ಮಾತ್ರೆಯ ಡಬ್ಬಿ, ಹೀಗೆ ಒಂದೊಂದಾಗಿ ಆಗಲಿ. ಎಲ್ಲಿಂದ ಆರಂಭಿಸುವುದೆಂದು ತಿಳಿಯದವರು ಇಂದು ರಾತ್ರಿ ಒಂದು ಕೆಲಸ ಮಾಡಲಿ: ಮನೆಯ ದೀಪಗಳನ್ನೆಲ್ಲ ಆರಿಸಿ, ಟಾರ್ಚೊಂದನ್ನು ಹಿಡಿದು, ಹಿರಿಯರ ಮಂಚದಿಂದ ಪಾಯಿಖಾನೆಯವರೆಗೆ ಅವರ ಹಿಂದೆಯೇ ಮೆಲ್ಲಗೆ ನಡೆದು ನೋಡಲಿ. ಅವರು ಎಲ್ಲೆಲ್ಲಿ ಗೋಡೆ ಹಿಡಿದರೋ ಅಲ್ಲಲ್ಲಿ ಒಂದು ಕೈಹಿಡಿ ಬೇಕಾಗಿದೆ ಎಂದೇ ಅರ್ಥ.

— ಕಾರ್ಯದರ್ಶಿ